ಡೈರಿ ಲೆಕ್ಕಕ್ಕೆ ಯಾವ ಚಾರ್ಟ್ ಸರಿ?

ಪ್ರಶ್ನೆ: ನಾನು ನಮ್ಮೂರ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿ. 180 ಜನ ಹಾಲು ಹಾಕುತ್ತಾರೆ. ಸೆಪ್ಟೆಂಬರ್‌ನಲ್ಲಿ ಸರ್ವ ಸದಸ್ಯರ ಸಭೆ ಇದೆ. ಹೋದ ವರ್ಷ ಎಲ್ಲ ಲೆಕ್ಕವನ್ನೂ ಬಣ್ಣಬಣ್ಣದ ತ್ರೀಡಿ ಪೈ ಚಾರ್ಟ್ ಮಾಡಿ ಪ್ರೊಜೆಕ್ಟರ್‌ನಲ್ಲಿ ತೋರಿಸಿದೆ. ಚೆನ್ನಾಗಿದೆ ಅಂದರು, ಆದರೆ ಯಾರಿಗೂ ಏನೂ ತಿಳಿಯಲಿಲ್ಲ. ಈ ಸಲ ಮೂರು ವರ್ಷದ ತಿಂಗಳವಾರು ಹಾಲು, ಖರ್ಚಿನ ವಿವರ, ಯಾರು ಎಷ್ಟು ಹಾಕುತ್ತಾರೆ ಅನ್ನುವುದು, ಹಾಲಿನ ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನ ಅಂಶ), ನಮ್ಮ ರೂಟಿನ, ಅಂದರೆ ಒಂದೇ ಹಾಲಿನ ಗಾಡಿ ಹೋಗುವ ದಾರಿಯ, ಬೇರೆ ಎಂಟು ಸಂಘಗಳ ಜೊತೆ ಹೋಲಿಕೆ, ಇಷ್ಟನ್ನು ತೋರಿಸಬೇಕು. ಎಕ್ಸೆಲ್‌ನಲ್ಲಿ ಹತ್ತಾರು ಬಗೆಯ ಚಾರ್ಟ್ ಇವೆ. ಯಾವುದಕ್ಕೆ ಯಾವುದನ್ನು ಬಳಸಬೇಕು?

ಉತ್ತರ: ಎಕ್ಸೆಲ್‌ನ ಚಾರ್ಟ್ ಪಟ್ಟಿ ತೆರೆಯುವ ಮೊದಲು ಒಂದು ಕೆಲಸ ಮಾಡಿ. ಸಭೆಯಲ್ಲಿ ಕೂತವರಿಗೆ ಈ ಲೆಕ್ಕದಿಂದ ಏನು ಗೊತ್ತಾಗಬೇಕು ಅಂತ ಒಂದೊಂದಕ್ಕೂ ಒಂದೇ ವಾಕ್ಯ ಬರೆಯಿರಿ. ‘ಬೇಸಿಗೆಯಲ್ಲಿ ಹಾಲು ಇಳಿಯುತ್ತದೆ, ಆದರೆ ಈ ಸಲ ಹೋದ ವರ್ಷದಷ್ಟು ಇಳಿಯಲಿಲ್ಲ.’ ‘ನಮ್ಮ ರೂಟಿನಲ್ಲಿ ನಾವು ಮೂರನೆಯವರು.’ ‘ಅರ್ಧಕ್ಕೂ ಹೆಚ್ಚು ಸದಸ್ಯರು ದಿನಕ್ಕೆ ನಾಲ್ಕು ಲೀಟರ್‌ಗಿಂತ ಕಡಿಮೆ ಹಾಕುತ್ತಾರೆ.’ ಹೀಗೆ. ಆಮೇಲೆ ಆ ವಾಕ್ಯದಲ್ಲಿ ಯಾವುದನ್ನು ಯಾವುದರ ಪಕ್ಕ ಇಟ್ಟು ನೋಡುತ್ತಿದ್ದೀರಿ ಅಂತ ಗಮನಿಸಿ. ತಿಂಗಳ ಪಕ್ಕ ತಿಂಗಳೋ, ಊರಿನ ಪಕ್ಕ ಊರೋ, ಒಟ್ಟಿನಲ್ಲಿ ಒಂದು ಪಾಲೋ? ಅದು ಗೊತ್ತಾದರೆ ಚಾರ್ಟ್ ಆರಿಸುವ ಕೆಲಸ ಮುಕ್ಕಾಲು ಮುಗಿದಂತೆ. ವಾಕ್ಯವೇ ಹೊಳೆಯದಿದ್ದರೆ ಚಾರ್ಟ್ ಬೇಡ. ಸುಮ್ನೆ ಟೇಬಲ್ ಕೊಡಿ.

ಟೇಬಲ್ ಅಂದರೆ ಕಡಿಮೆ ಅಂದುಕೊಳ್ಳಬೇಡಿ. ಮೂರೋ ನಾಲ್ಕೋ ಅಂಕಿ ಇದ್ದರೆ ಅದನ್ನು ದೊಡ್ಡದಾಗಿ ಬರೆದು ತೋರಿಸುವುದೇ ವಾಸಿ. ತನ್ನ ಬಟವಾಡೆ ಎಷ್ಟು ಬಂತು ಅಂತ ನೋಡುವವರಿಗೆ ಗ್ರಾಫ್ ಯಾಕೆ ಬೇಕು? ಅವರಿಗೆ ಸರಿಯಾದ ಅಂಕಿ ಬೇಕು, ಪೈಸೆ ಸಮೇತ.

ಹೋದ ವರ್ಷದ ಪೈ ಚಾರ್ಟ್ ಯಾಕೆ ಕೈಕೊಟ್ಟಿತು ಅನ್ನುವುದನ್ನು ಮೊದಲು ನೋಡೋಣ. ನಮ್ಮ ಕಣ್ಣು ಎಲ್ಲ ಆಕಾರವನ್ನೂ ಒಂದೇ ರೀತಿ ಅಳೆಯುವುದಿಲ್ಲ. ಅಮೆರಿಕದ ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್ ಅನ್ನುವ ಇಬ್ಬರು ಇದನ್ನು ಜನರ ಮೇಲೆ ಪ್ರಯೋಗ ಮಾಡಿ ನೋಡಿದರು. 1984ರಲ್ಲಿ ಬಂದ ಅವರ ಲೇಖನ ಈ ವಿಷಯದಲ್ಲಿ ಇವತ್ತಿಗೂ ಆಧಾರ. ಒಂದೇ ಅಳತೆಪಟ್ಟಿಯ ಮೇಲೆ ಎರಡು ಚುಕ್ಕೆ ಎಲ್ಲೆಲ್ಲಿವೆ ಅನ್ನುವುದನ್ನು ಜನ ಚೆನ್ನಾಗಿ ಅಂದಾಜು ಮಾಡುತ್ತಾರೆ. ಉದ್ದವನ್ನೂ ಪರವಾಗಿಲ್ಲ ಅನ್ನುವಷ್ಟು ಹೇಳುತ್ತಾರೆ. ಕೋನದಲ್ಲಿ ಎಡವುವುದು ಜಾಸ್ತಿ. ವಿಸ್ತೀರ್ಣ, ಗಾತ್ರಕ್ಕೆ ಬಂದರೆ ಇನ್ನೂ ಕಷ್ಟ. ಪೈ ಚಾರ್ಟ್ ನಿಂತಿರುವುದೇ ಕೋನ ಮತ್ತು ವಿಸ್ತೀರ್ಣದ ಮೇಲೆ. ಅದಕ್ಕೆ ತ್ರೀಡಿ ಹಾಕಿದಿರಿ ಅಂದರೆ ಮುಂದಿರುವ ತುಂಡು ದಪ್ಪಗೆ ಕಾಣುತ್ತದೆ, ಹಿಂದಿನದು ಸೊರಗುತ್ತದೆ. ಲೆಕ್ಕ ಸರಿ ಇದ್ದರೂ ಚಿತ್ರ ಸುಳ್ಳು ಹೇಳುತ್ತದೆ. ತ್ರೀಡಿ ಬಟನ್ ಕಡೆ ಈ ಸಲ ಕೈ ಹಾಕಲೇಬೇಡಿ. ಇದರಲ್ಲಿ ನನ್ನದು ಹಟ ಅಂದರೂ ಸರಿ.

ಈಗ ನಿಮ್ಮ ತಿಂಗಳವಾರು ಹಾಲಿಗೆ ಬರೋಣ. ಕಾಲದ ಜೊತೆ ಓಡುವ ಲೆಕ್ಕಕ್ಕೆ ಗೆರೆ, ಅಂದರೆ ಲೈನ್ ಚಾರ್ಟ್. ಸ್ಕಾಟ್‌ಲ್ಯಾಂಡಿನ ವಿಲಿಯಂ ಪ್ಲೇಫೇರ್ 1786ರಲ್ಲಿ ಇಂಗ್ಲೆಂಡಿನ ಆಮದು ರಫ್ತಿನ ಲೆಕ್ಕವನ್ನು ಹೀಗೆ ಗೆರೆಯಲ್ಲಿ ತೋರಿಸಿದ. ಅದೇ ಪುಸ್ತಕದಲ್ಲಿ ಸ್ಕಾಟ್‌ಲ್ಯಾಂಡಿಗೆ ಬಂದಾಗ ಅವನ ಕೈಯಲ್ಲಿ ಒಂದೇ ವರ್ಷದ ಲೆಕ್ಕ ಇತ್ತು. ಗೆರೆ ಎಳೆಯಲು ಆಗಲಿಲ್ಲ. ಹಾಗಾಗಿ ಬೇರೆ ಬೇರೆ ದೇಶಗಳ ಜೊತೆಗಿನ ವ್ಯಾಪಾರವನ್ನು ಒಂದರ ಕೆಳಗೆ ಒಂದು ಪಟ್ಟಿಯಾಗಿ ಎಳೆದ. ನಾವು ಇವತ್ತು ಬಾರ್ ಚಾರ್ಟ್ ಅನ್ನುವುದು ಅದನ್ನೇ. ವರ್ಷಗಳ ಲೆಕ್ಕ ಇಲ್ಲ ಅನ್ನುವ ಕೊರತೆಯಿಂದ ಹುಟ್ಟಿದ ಚಾರ್ಟ್ ಅದು. ನಿಮ್ಮ ಹತ್ತಿರ ಮೂರು ವರ್ಷದ ತಿಂಗಳ ಲೆಕ್ಕವೇ ಇದೆ, ಗೆರೆ ಎಳೆಯಿರಿ.

ಆದರೆ ಗೆರೆಯನ್ನು ಎರಡು ರೀತಿ ಎಳೆಯಬಹುದು. 36 ತಿಂಗಳನ್ನು ಸಾಲಾಗಿ ಇಟ್ಟು ಒಂದೇ ಉದ್ದನೆಯ ಗೆರೆ ಎಳೆದರೆ ಸಂಘ ಒಟ್ಟಾರೆ ಮೇಲೆ ಹೋಗುತ್ತಿದೆಯೋ ಕೆಳಗೋ ಗೊತ್ತಾಗುತ್ತದೆ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಹನ್ನೆರಡು ತಿಂಗಳು ಮಾತ್ರ ಅಡ್ಡಕ್ಕೆ ಇಟ್ಟು, ಮೂರು ವರ್ಷಕ್ಕೆ ಮೂರು ಗೆರೆ ಒಂದರ ಮೇಲೊಂದು ಎಳೆದರೆ ಈ ಮೇ ತಿಂಗಳು ಹೋದ ಮೇ ತಿಂಗಳಿಗಿಂತ ಹೇಗಿತ್ತು ಅನ್ನುವುದು ಕಾಣುತ್ತದೆ. ಹಾಲಿಗೆ ಹಂಗಾಮು ಇದೆ ಅಲ್ವಾ? ಮಳೆ ಬಿದ್ದು ಹಸಿಮೇವು ಸಿಕ್ಕ ಮೇಲೆ ಏರುತ್ತದೆ, ಬಿಸಿಲಿಗೆ ಇಳಿಯುತ್ತದೆ. ಆ ಏರಿಳಿತ ಸದಸ್ಯರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಅದನ್ನೇ ಮತ್ತೆ ತೋರಿಸಿ ಪ್ರಯೋಜನ ಇಲ್ಲ. ಹಾಗಾಗಿ ನಾನಾದರೆ ಎರಡನೆಯದನ್ನೇ ಆರಿಸುತ್ತೇನೆ. ಈ ವರ್ಷದ ಗೆರೆ ದಪ್ಪ, ಹಿಂದಿನ ಎರಡು ವರ್ಷದ್ದು ತೆಳು ಬೂದು ಬಣ್ಣ. ಗೆರೆಯ ಕೊನೆಯಲ್ಲೇ ವರ್ಷ ಬರೆಯಿರಿ. ಯಾವ ಬಣ್ಣ ಯಾವ ವರ್ಷ ಅಂತ ಮೂಲೆಯಲ್ಲಿ ಪಟ್ಟಿ ಇಟ್ಟರೆ ಜನ ಅಲ್ಲಿಗೂ ಇಲ್ಲಿಗೂ ಕಣ್ಣು ಓಡಿಸುವುದರಲ್ಲೇ ಸುಸ್ತಾಗುತ್ತಾರೆ.

ಇನ್ನೊಂದು ಮಾತು. ತಿಂಗಳ ಒಟ್ಟು ಲೀಟರ್ ಹಾಕಬೇಡಿ, ದಿನದ ಸರಾಸರಿ ಹಾಕಿ. ನಿಮ್ಮ ಸಂಘಕ್ಕೆ ದಿನಕ್ಕೆ 900 ಲೀಟರ್ ಬರುತ್ತದೆ ಅಂದುಕೊಳ್ಳಿ. ಜನವರಿಯ 31 ದಿನಕ್ಕೆ 27,900 ಲೀಟರ್. ಫೆಬ್ರವರಿಯ 28 ದಿನಕ್ಕೆ 25,200. ಒಂದು ಹಸುವೂ ಹಾಲು ಕಡಿಮೆ ಮಾಡಿಲ್ಲ, ಆದರೂ ಗೆರೆ 2,700 ಲೀಟರ್ ಕೆಳಗೆ ಬಿತ್ತು. ಸಭೆಯಲ್ಲಿ ಯಾರಾದರೂ ಎದ್ದು ‘ಫೆಬ್ರವರಿಯಲ್ಲಿ ಹಾಲು ಎಲ್ಲಿ ಹೋಯಿತು’ ಅಂತ ಕೇಳುವುದು ಖಂಡಿತ.

ಚಾರ್ಟ್ ಯಾವುದು ಅನ್ನುವುದಕ್ಕಿಂತ ಅದರಲ್ಲಿ ಯಾವ ಅಂಕಿ ಕೂರಬೇಕು ಅನ್ನುವುದು ಎಷ್ಟೋ ಸಲ ದೊಡ್ಡ ಪ್ರಶ್ನೆ. ಕೆಆರ್‌ಎಸ್ ಅಣೆಕಟ್ಟಿನ ಮಟ್ಟ ದಿನಾ ಪೇಪರ್‌ನಲ್ಲಿ ಬರುತ್ತದೆ. ಪೂರ್ಣ ಮಟ್ಟ 124.80 ಅಡಿ. ನೂರು ಅಡಿ ಇದೆ ಅಂದಾಗ ಇನ್ನೂ ಐದರಲ್ಲಿ ನಾಲ್ಕು ಪಾಲು ನೀರಿದೆ ಅನ್ನಿಸುತ್ತದೆ. ಆದರೆ ಪೂರ್ತಿ ತುಂಬಿದಾಗ ಅಲ್ಲಿರುವ ನೀರು 49.45 ಟಿಎಂಸಿ. ನೂರು ಅಡಿಗೆ ಅದರ ಅರ್ಧವೂ ಇರುವುದಿಲ್ಲ. ಜಲಾಶಯ ಮೇಲೆ ಹೋದಂತೆ ಅಗಲವಾಗುತ್ತದೆ, ಮೇಲಿನ ಅಡಿಗಳಲ್ಲೇ ನೀರು ಜಾಸ್ತಿ. ನೀರು ಎಷ್ಟಿದೆ ಅಂತ ಹೇಳಬೇಕಾದರೆ ಅಡಿಯ ಗ್ರಾಫ್ ಎಷ್ಟೇ ಚೆನ್ನಾಗಿ ಬರೆದರೂ ದಾರಿ ತಪ್ಪಿಸುತ್ತದೆ. ಟಿಎಂಸಿಯನ್ನೇ ಬರೆಯಬೇಕು.

ಇದೇ ಕಾರಣಕ್ಕೆ ಎಂಟು ಸಂಘಗಳ ಜೊತೆ ಹೋಲಿಸುವಾಗಲೂ ಯೋಚಿಸಿ. ಒಟ್ಟು ಲೀಟರ್ ಹೋಲಿಸಿದರೆ ದೊಡ್ಡ ಊರು ಗೆಲ್ಲುತ್ತದೆ, ಅದರಲ್ಲಿ ತಿಳಿಯುವುದೇನೂ ಇಲ್ಲ. ಒಬ್ಬ ಸದಸ್ಯರಿಗೆ ಎಷ್ಟು ಲೀಟರ್ ಅಂತ ಹಾಕಿ. ಚಾರ್ಟ್ ಬಾರ್ ಆಗಿರಲಿ, ಆದರೆ ನಿಂತ ಬಾರ್ ಬೇಡ, ಮಲಗಿದ ಬಾರ್ ಇರಲಿ. ನಮ್ಮ ಊರಿನ ಹೆಸರುಗಳು ಉದ್ದ. ನಿಂತ ಬಾರ್ ಕೆಳಗೆ ಅವನ್ನು ಓರೆಯಾಗಿ ಬರೆದರೆ ಜನ ಕತ್ತು ವಾಲಿಸಿ ಓದಬೇಕು. ಬಾರ್‌ಗಳನ್ನು ಅಕ್ಷರದ ಕ್ರಮದಲ್ಲಿ ಇಡಬೇಡಿ, ದೊಡ್ಡದರಿಂದ ಚಿಕ್ಕದಕ್ಕೆ ಇಡಿ. 2011ರ ಜನಗಣತಿಯ ಸಾಕ್ಷರತೆ ಪಟ್ಟಿಯನ್ನು ಜಿಲ್ಲೆಯ ಹೆಸರಿನ ಕ್ರಮದಲ್ಲಿ ಚಾರ್ಟ್ ಮಾಡಿದರೆ ಹಲ್ಲು ಕಿತ್ತ ಬಾಚಣಿಗೆಯಂತೆ ಕಾಣುತ್ತದೆ. ಅದನ್ನೇ ಅಂಕಿಯ ಕ್ರಮದಲ್ಲಿ ಇಟ್ಟರೆ ಮೇಲೆ ಶೇ 88.57ರ ದಕ್ಷಿಣ ಕನ್ನಡ, ಕೆಳಗೆ ಶೇ 51.83ರ ಯಾದಗಿರಿ. ನಡುವೆ ನಿಮ್ಮ ಜಿಲ್ಲೆ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಬಹುದು. ನಿಮ್ಮ ಸಂಘದ ಬಾರ್‌ಗೆ ಮಾತ್ರ ಬಣ್ಣ ಕೊಡಿ, ಉಳಿದವು ಬೂದು. ಎಕ್ಸೆಲ್ ಒಂದು ಕಿತಾಪತಿ ಮಾಡುತ್ತದೆ. ಮಲಗಿದ ಬಾರ್‌ನಲ್ಲಿ ನಿಮ್ಮ ಪಟ್ಟಿಯ ಮೊದಲ ಸಾಲನ್ನು ಕೆಳಗೆ ಹಾಕುತ್ತದೆ. ಹೆಸರಿರುವ ಅಕ್ಷದ ಸೆಟ್ಟಿಂಗ್‌ಗೆ ಹೋಗಿ ಕ್ರಮ ತಿರುಗಿಸಿ.

ಬಾರ್ ಚಾರ್ಟ್ ಸೊನ್ನೆಯಿಂದಲೇ ಶುರುವಾಗಬೇಕು. ಇದಕ್ಕೆ ರಿಯಾಯಿತಿ ಇಲ್ಲ. ಪಕ್ಕದ ಊರಿನದು 860 ಲೀಟರ್, ನಿಮ್ಮದು 900 ಅಂದುಕೊಳ್ಳಿ. ಅಕ್ಷವನ್ನು 850ರಿಂದ ಶುರುಮಾಡಿದರೆ ಅವರ ಬಾರ್ 10ರಷ್ಟು, ನಿಮ್ಮದು 50ರಷ್ಟು ಉದ್ದ. ಐದು ಪಟ್ಟು! ನಿಜವಾದ ವ್ಯತ್ಯಾಸ ಶೇ 5ರ ಆಸುಪಾಸು. ಬಾರ್‌ನಲ್ಲಿ ಕಣ್ಣು ನೋಡುವುದು ಉದ್ದವನ್ನು, ಬುಡ ಕತ್ತರಿಸಿದರೆ ಉದ್ದಕ್ಕೆ ಅರ್ಥವೇ ಇಲ್ಲ. ಚುನಾವಣೆ ಹೊತ್ತಿಗೆ ಟಿವಿಯಲ್ಲಿ ಇಂಥ ಬುಡ ಕತ್ತರಿಸಿದ ಬಾರ್‌ಗಳು ಬೇಕಾದಷ್ಟು ಸಿಗುತ್ತವೆ, ಗಮನಿಸಿ.

ಹಾಗಾದರೆ ಸಂಘಗಳ ಫ್ಯಾಟ್ ಹೋಲಿಸುವುದು ಹೇಗೆ? ಒಂದರದು 3.8, ಇನ್ನೊಂದರದು 4.1. ಸೊನ್ನೆಯಿಂದ ಬಾರ್ ಎಳೆದರೆ ಎಲ್ಲವೂ ಒಂದೇ ಥರ ಕಾಣುತ್ತವೆ. ಆದರೆ 0.3 ಫ್ಯಾಟ್ ಅಂದರೆ ದರದಲ್ಲಿ ವ್ಯತ್ಯಾಸ, ಚಿಕ್ಕದೇನಲ್ಲ. ಇಲ್ಲಿ ಬಾರ್ ಬಿಟ್ಟು ಬರೀ ಚುಕ್ಕೆ ಇಡಿ. ಚುಕ್ಕೆಗೆ ಉದ್ದ ಇಲ್ಲ, ಅದು ಇರುವ ಜಾಗ ಮಾತ್ರ ಲೆಕ್ಕ. ಅಕ್ಷವನ್ನು 3ರಿಂದ 4.5ರವರೆಗೆ ಇಟ್ಟರೂ ಮೋಸ ಆಗುವುದಿಲ್ಲ. ಲೈನ್ ಚಾರ್ಟ್‌ಗೂ ಇದೇ ಮಾತು. ಅದು ಸೊನ್ನೆಯಿಂದಲೇ ಶುರುವಾಗಬೇಕು ಅಂತೇನಿಲ್ಲ. ಎಲ್ಲಿಂದ ಶುರು ಅನ್ನುವುದು ಎದ್ದು ಕಾಣುವಂತೆ ಬರೆದಿರಬೇಕು ಅಷ್ಟೆ.

ಖರ್ಚಿನ ವಿವರಕ್ಕೆ ಎಲ್ಲರೂ ಪೈ ಚಾರ್ಟ್ ಕಡೆಯೇ ಓಡುತ್ತಾರೆ. ನಿಮ್ಮ ಸಂಘದ ಖರ್ಚಿನಲ್ಲಿ ಸಿಂಹಪಾಲು ಸದಸ್ಯರಿಗೆ ಕೊಡುವ ಹಾಲಿನ ಹಣ. ಪೈ ಮಾಡಿದರೆ ಅದೊಂದೇ ತಟ್ಟೆ ತುಂಬ ಕೂರುತ್ತದೆ. ಸಂಬಳ, ವಿದ್ಯುತ್, ಪರೀಕ್ಷೆಯ ಸಾಮಾನು, ಸಾದಿಲ್ವಾರು ಎಲ್ಲ ಸೇರಿ ಒಂದು ಸಣ್ಣ ಸೀಳಿನಲ್ಲಿ ಒದ್ದಾಡುತ್ತವೆ. ಆದರೆ ಸಭೆಯಲ್ಲಿ ಪ್ರಶ್ನೆ ಬರುವುದು ಆ ಸೀಳಿನ ಬಗ್ಗೆಯೇ. ಆದ್ದರಿಂದ ಹಾಲಿನ ಬಟವಾಡೆ ನೂರು ರೂಪಾಯಿಗೆ ಎಷ್ಟು ಅಂತ ಒಂದು ವಾಕ್ಯದಲ್ಲಿ ದೊಡ್ಡದಾಗಿ ಬರೆಯಿರಿ. ಉಳಿದ ಖರ್ಚನ್ನು ಮಾತ್ರ ತೆಗೆದು ಮಲಗಿದ ಬಾರ್ ಮಾಡಿ. ಹೋದ ವರ್ಷದ ಅಂಕಿಯನ್ನು ಪ್ರತಿ ಬಾರ್ ಮೇಲೆ ಒಂದು ಸಣ್ಣ ಗೀಟು ಹಾಕಿ ತೋರಿಸಿದರೆ ಯಾವುದು ಏರಿತು ಅನ್ನುವುದೂ ಗೊತ್ತಾಗುತ್ತದೆ. ಪೈ ಚಾರ್ಟ್ ಪೂರ್ತಿ ಬೇಡ ಅಂತಲ್ಲ. ಎರಡು ಮೂರು ತುಂಡು, ಎಲ್ಲ ಸೇರಿ ನೂರು, ಅದರಲ್ಲೊಂದು ಅರ್ಧದ ಹತ್ತಿರವೋ ಕಾಲು ಭಾಗದ ಹತ್ತಿರವೋ ಇದ್ದರೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಹಸುವಿನ ಹಾಲು, ಎಮ್ಮೆ ಹಾಲು ಎಷ್ಟೆಷ್ಟು ಅಂತ ತೋರಿಸಬೇಕಾದರೆ ಧಾರಾಳವಾಗಿ ಮಾಡಿ. ಎಂಟು ಸಂಘಗಳ ಫ್ಯಾಟ್ ಶೇಕಡಾವಾರನ್ನು ಮಾತ್ರ ಪೈಗೆ ಹಾಕಬೇಡಿ. ಅವನ್ನು ಕೂಡಿಸಿದರೆ ಯಾವ ಒಟ್ಟೂ ಆಗುವುದಿಲ್ಲ.

ಯಾರು ಎಷ್ಟು ಹಾಕುತ್ತಾರೆ ಅನ್ನುವುದು ನಿಮ್ಮ ಪಟ್ಟಿಯಲ್ಲಿ ನನಗೆ ತುಂಬ ಇಷ್ಟವಾದ ಲೆಕ್ಕ. ಇದಕ್ಕೆ ಹಿಸ್ಟೋಗ್ರಾಂ ಬೇಕು. ಸರಾಸರಿ ಹೇಳಿ ಮುಗಿಸಬೇಡಿ. ಐದು ಜನ ದಿನಕ್ಕೆ 40 ಲೀಟರ್, ಉಳಿದ 175 ಜನ 4 ಲೀಟರ್ ಹಾಕಿದರೆ ಒಟ್ಟು 900. ಸರಾಸರಿ ಸರಿಯಾಗಿ 5 ಲೀಟರ್. ಆದರೆ ಇಡೀ ಸಂಘದಲ್ಲಿ 5 ಲೀಟರ್ ಹಾಕುವವರು ಒಬ್ಬರೂ ಇಲ್ಲ! ಹಿಸ್ಟೋಗ್ರಾಂನಲ್ಲಿ ಅಡ್ಡ ಅಕ್ಷವನ್ನು 0–2, 2–4, 4–6 ಲೀಟರ್ ಅಂತ ಸಮ ಅಗಲದ ಮನೆಗಳಾಗಿ ಮಾಡಿ, ಪ್ರತಿ ಮನೆಯಲ್ಲಿ ಎಷ್ಟು ಜನ ಅಂತ ಎಣಿಸಿ. ಸರಿಯಾಗಿ 4 ಲೀಟರ್ ಹಾಕುವವರು ಯಾವ ಮನೆಗೆ ಅಂತ ಮೊದಲೇ ತೀರ್ಮಾನಿಸಿ, ಕೊನೆವರೆಗೂ ಅದನ್ನೇ ಪಾಲಿಸಿ. ಬಾರ್ ಚಾರ್ಟ್‌ನ ಹಾಗೆ ನಡುವೆ ಸಂದಿ ಬಿಡಬೇಡಿ, ಯಾಕೆಂದರೆ ಲೀಟರ್ ಒಂದಕ್ಕೊಂದು ತಾಗಿಕೊಂಡೇ ಓಡುತ್ತದೆ. ಮನೆ ತುಂಬ ಅಗಲ ಮಾಡಿದರೆ ಎಲ್ಲ ಒಂದೇ ಗುಡ್ಡೆ, ತುಂಬ ಕಿರಿದು ಮಾಡಿದರೆ ಗರಗಸ. ಎರಡು ಮೂರು ಅಗಲ ಹಾಕಿ ನೋಡಿ ಆರಿಸಿ. ಎಕ್ಸೆಲ್ 2016 ಮತ್ತು ಆಮೇಲಿನ ಆವೃತ್ತಿಗಳಲ್ಲಿ ಇದು ಸಿದ್ಧವಾಗಿಯೇ ಸಿಗುತ್ತದೆ.

ಅದರ ಜೊತೆ ಇನ್ನೊಂದು ಅಂಕಿ ಕೊಡಿ. 180 ಜನರನ್ನೂ ಲೀಟರ್ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಡುವಿನಲ್ಲಿ ನಿಂತವರು ಎಷ್ಟು ಹಾಕುತ್ತಾರೆ? ಮೇಲಿನ ಉದಾಹರಣೆಯಲ್ಲಿ ಅದು 4 ಲೀಟರ್. ಬೋನಸ್ಸೋ ಪಶು ಆಹಾರದ ರಿಯಾಯಿತಿಯೋ ಚರ್ಚೆಗೆ ಬಂದಾಗ ಸರಾಸರಿಗಿಂತ ಈ ಅಂಕಿ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಫ್ಯಾಟ್ ಮತ್ತು ಎಸ್‌ಎನ್‌ಎಫ್ ಎರಡನ್ನೂ ಒಟ್ಟಿಗೆ ನೋಡಬೇಕು ಅಂದರೆ ಸ್ಕ್ಯಾಟರ್ ಚಾರ್ಟ್. ಅಡ್ಡಕ್ಕೆ ಫ್ಯಾಟ್, ಮೇಲಕ್ಕೆ ಎಸ್‌ಎನ್‌ಎಫ್, ಒಬ್ಬ ಸದಸ್ಯರಿಗೆ ಒಂದು ಚುಕ್ಕೆ. ಹಸುವಿನ ಹಾಲು ಒಂದು ಬಣ್ಣ, ಎಮ್ಮೆ ಹಾಲು ಇನ್ನೊಂದು, ಯಾಕೆಂದರೆ ಎಮ್ಮೆ ಹಾಲಿನ ಫ್ಯಾಟ್ ಎಷ್ಟೋ ಜಾಸ್ತಿ, ಆ ಚುಕ್ಕೆಗಳು ಬಲಗಡೆ ಬೇರೆಯೇ ಗುಂಪಾಗುತ್ತವೆ. ಎರಡನ್ನೂ ಬೆರೆಸಿದರೆ ಇಲ್ಲದ ಸಂಬಂಧ ಕಾಣಿಸುತ್ತದೆ. ಈ ಚಾರ್ಟ್ ಎರಡು ಪ್ರತ್ಯೇಕ ಬಾರ್‌ಗಳು ಹೇಳದ್ದನ್ನು ಹೇಳುತ್ತದೆ. ಹಾಲಿಗೆ ನೀರು ಬಿದ್ದರೆ ಫ್ಯಾಟೂ ಎಸ್‌ಎನ್‌ಎಫೂ ಎರಡೂ ಇಳಿಯುತ್ತವೆ, ಚುಕ್ಕೆ ಎಡಕ್ಕೂ ಕೆಳಕ್ಕೂ ಜಾರುತ್ತದೆ. ಕೆನೆ ತೆಗೆದಿದ್ದರೆ ಫ್ಯಾಟ್ ಮಾತ್ರ ಇಳಿಯುತ್ತದೆ, ಚುಕ್ಕೆ ಎಡಕ್ಕೆ ಮಾತ್ರ ಹೋಗುತ್ತದೆ. ಆದರೆ ಎಡಗಡೆ ಇದ್ದವರೆಲ್ಲ ಕೆನೆ ತೆಗೆದವರಲ್ಲ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ತಳಿಯ ಹಸುವಿನ ಹಾಲಿನಲ್ಲಿ ಜರ್ಸಿ ತಳಿಗಿಂತ ಫ್ಯಾಟ್ ಕಡಿಮೆ. ಒಣಮೇವು ಕಡಿಮೆಯಾದರೂ ಇಳಿಯುತ್ತದೆ, ಹಸು ಹೆಚ್ಚು ಹಾಲು ಕೊಡುವ ದಿನಗಳಲ್ಲೂ ಇಳಿಯುತ್ತದೆ. ಚುಕ್ಕೆಗೆ ಹೆಸರು ಹಾಕಿ ಸಭೆಯಲ್ಲಿ ತೋರಿಸಿದಿರೋ, ಊರಲ್ಲಿ ಜಗಳ ಗ್ಯಾರಂಟಿ. ಹೆಸರೂ ಬೇಡ, ಸದಸ್ಯರ ಕೋಡ್ ನಂಬರೂ ಬೇಡ, ಅದು ಎಲ್ಲರಿಗೂ ಬಾಯಿಪಾಠ ಇರುತ್ತದೆ.

ಸ್ಕ್ಯಾಟರ್ ಮಾಡುವಾಗ ‘ತೊಂದರೆ ಇಲ್ಲದವರನ್ನು ಬಿಡೋಣ, ಕಡಿಮೆ ಬಂದವರನ್ನು ಮಾತ್ರ ಹಾಕೋಣ’ ಅನ್ನಿಸುತ್ತದೆ. ಹಾಗೆ ಮಾಡಬೇಡಿ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದು ಏಳು ಜನ ಸತ್ತರು. ಚಳಿಗೆ ರಾಕೆಟ್ಟಿನ ಜೋಡಣೆಯಲ್ಲಿದ್ದ ರಬ್ಬರ್ ಉಂಗುರ ಕೈಕೊಟ್ಟಿತ್ತು. ಹಿಂದಿನ ರಾತ್ರಿ ಎಂಜಿನಿಯರ್‌ಗಳು ಚಳಿಯ ಬಗ್ಗೆ ಎಚ್ಚರಿಕೆ ಕೊಟ್ಟಿದ್ದರು. ಆದರೆ ಚರ್ಚೆಗೆ ಬಂದದ್ದು ಉಂಗುರ ಹಾಳಾಗಿದ್ದ ಹಾರಾಟಗಳು ಮಾತ್ರ. ಅವು ತಂಪಿನಲ್ಲೂ ಇದ್ದವು, ಬಿಸಿಯಲ್ಲೂ ಇದ್ದವು. ಸಂಬಂಧ ಇಲ್ಲ ಅನ್ನಿಸಿತು. ಆಮೇಲೆ ತನಿಖಾ ಆಯೋಗ ಎಲ್ಲ ಹಾರಾಟಗಳನ್ನೂ ಚಾರ್ಟ್‌ಗೆ ಹಾಕಿತು. 66 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 19 ಡಿಗ್ರಿ ಸೆಲ್ಸಿಯಸ್ ಮತ್ತು ಅದಕ್ಕಿಂತ ಮೇಲಿದ್ದ 20 ಹಾರಾಟಗಳಲ್ಲಿ ತೊಂದರೆ ಆದದ್ದು ಮೂರರಲ್ಲಿ. ಅದಕ್ಕಿಂತ ತಂಪಾಗಿದ್ದ ನಾಲ್ಕರಲ್ಲಿ ನಾಲ್ಕಕ್ಕೂ ತೊಂದರೆ. ಏನೂ ಆಗದ ಹಾರಾಟಗಳ ಚುಕ್ಕೆಗಳಲ್ಲೇ ಉತ್ತರ ಇತ್ತು.

ಪ್ರಶ್ನೆಯಲ್ಲಿ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಲೀಟರ್ ದರವನ್ನೂ ಬಂದ ಹಾಲನ್ನೂ ಒಂದೇ ಚಾರ್ಟ್‌ನಲ್ಲಿ ಎಡಕ್ಕೊಂದು ಬಲಕ್ಕೊಂದು ಅಕ್ಷ ಇಟ್ಟು ತೋರಿಸಿ ಅಂತ ಸಮಿತಿಯಲ್ಲಿ ಯಾರಾದರೂ ಹೇಳುತ್ತಾರೆ. ಒಪ್ಪಬೇಡಿ. ಎರಡು ಅಕ್ಷ ಇದ್ದರೆ ಒಂದನ್ನು ಹಿಗ್ಗಿಸಿ ಇನ್ನೊಂದನ್ನು ಕುಗ್ಗಿಸಿ ಎರಡು ಗೆರೆಯನ್ನೂ ಬೇಕಾದ ಹಾಗೆ ಜೋಡಿಸಬಹುದು. ದರ ಏರಿದ್ದಕ್ಕೇ ಹಾಲು ಏರಿತು ಅಂತಲೂ ತೋರಿಸಬಹುದು, ಸಂಬಂಧವೇ ಇಲ್ಲ ಅಂತಲೂ ತೋರಿಸಬಹುದು. ಬದಲು ಎರಡು ಚಾರ್ಟ್ ಮಾಡಿ ಮೇಲೊಂದು ಕೆಳಗೊಂದು ಇಡಿ. ತಿಂಗಳುಗಳು ಒಂದರ ನೇರಕ್ಕೆ ಒಂದು ಬರಲಿ. ದರ ಬದಲಾದ ತಿಂಗಳಲ್ಲಿ ಒಂದು ನಿಂತ ಗೆರೆ ಎಳೆಯಿರಿ.

ಕೊನೆಗೆ ಒಂದೆರಡು ಕೆಲಸದ ಮಾತು. ವರದಿಯನ್ನು ಸದಸ್ಯರಿಗೆ ಜೆರಾಕ್ಸ್ ಮಾಡಿ ಹಂಚುತ್ತೀರಿ ಅಲ್ವಾ? ಹಾಗಾದರೆ ಚಾರ್ಟ್ ಮುಗಿದ ತಕ್ಷಣ ಒಂದು ಕಪ್ಪು ಬಿಳುಪು ಪ್ರತಿ ತೆಗೆದು ನೋಡಿ. ಕೆಂಪು, ಹಸಿರು ಎರಡೂ ಒಂದೇ ಬೂದು ಆಗಿರುತ್ತದೆ. ಬಣ್ಣದಲ್ಲೂ ಅವೆರಡನ್ನು ಬೇರೆ ಮಾಡಿ ನೋಡಲಾಗದವರು ಇರುತ್ತಾರೆ, ಗಂಡಸರಲ್ಲಿ ಹೆಚ್ಚು. ಒಂದು ಗಾಢ ನೀಲಿ, ಇನ್ನೊಂದು ತಿಳಿ ಕಿತ್ತಳೆ ಇಟ್ಟರೆ ಪ್ರೊಜೆಕ್ಟರ್‌ಗೂ ಆಯಿತು, ಜೆರಾಕ್ಸ್‌ಗೂ ಆಯಿತು. ಚಾರ್ಟ್‌ನ ತಲೆಬರಹದಲ್ಲಿ ‘ತಿಂಗಳವಾರು ಹಾಲು ಸಂಗ್ರಹಣೆ’ ಅಂತ ಬರೆಯುವ ಬದಲು ನೀವು ಮೊದಲೇ ಬರೆದುಕೊಂಡ ವಾಕ್ಯವನ್ನೇ ಹಾಕಿ. ಊರಿನ ಹೆಸರು, ತಿಂಗಳ ಹೆಸರನ್ನು ಯುನಿಕೋಡ್‌ನಲ್ಲಿ ಟೈಪ್ ಮಾಡಿ. ಹಳೆಯ ನುಡಿ ಫಾಂಟ್‌ನಲ್ಲಿ ಮಾಡಿದರೆ ನಿಮ್ಮ ಕಂಪ್ಯೂಟರಿನಲ್ಲಿ ಸರಿ ಕಾಣುತ್ತದೆ, ಸಭೆಗೆ ಬಾಡಿಗೆಗೆ ತಂದ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುತ್ತವೆ. ಆಗಲೇ ನುಡಿಯಲ್ಲಿ ಮಾಡಿಬಿಟ್ಟಿದ್ದರೆ ಚಾರ್ಟನ್ನು ಚಿತ್ರವಾಗಿ ಕಾಪಿ ಮಾಡಿ ಸ್ಲೈಡಿಗೆ ಅಂಟಿಸಿ, ಅಕ್ಷರ ಕೆಡುವುದಿಲ್ಲ.